ಏಳನೇ ಡಬ್ಬಿ

ಆಕೆಗೆ ಗೊತ್ತಾಗಿಹೋಗಿದೆ. ಕಾಂಪೌಂಡರ್ ತಂದಿಟ್ಟ ಪೊಟ್ಟಣವನ್ನು, ಯಾವಾಗ ನುಂಗಬೇಕೆಂದೂ ಕೇಳದೆ ಚೀಲಕ್ಕೆ ಹಾಕಿಕೊಂಡದ್ದು ನೋಡಿಯೇ ಡಾಕ್ಟರರಿಗೆ ಗುಮಾನಿ ಬಂತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಏಳನೇ ಡಬ್ಬಿಯಲ್ಲಿದ್ದದ್ದು ಬರೀ ಸಕ್ಕರೆ ಗುಳಿಗೆ. ಎಷ್ಟು ಕೊಟ್ಟರೂ ಆ ಡಬ್ಬಿ ತುಂಬಿಯೇ ಇರುತ್ತಿತ್ತು. ಮೇಜಿನ ಮೇಲಿನ ಚೀಟಿಯಲ್ಲಿ ಅವರದೇ ಅಕ್ಷರ: 'ನಿದ್ದೆ ಇಲ್ಲ. ರೋಗವೂ ಇಲ್ಲ. ಏಳನೇ ಡಬ್ಬಿ. ಹೇಳಕೂಡದು.' ಯಾವಾಗ ಬರೆದದ್ದೋ ನೆನಪಿಲ್ಲ. ಸಾವಿರಾರು ಮುಖ ಕಂಡವರಿಗೆ ಒಂದೊಂದೂ ನೆನಪಿರಬೇಕೆಂದರೆ ಹೇಗೆ?

ಸುಳ್ಳು ಹೇಳಿ ವಾಸಿಮಾಡುವುದು ಅವರಿಗೆ ಎಂದೂ ಹಿಡಿಸಿದ್ದಲ್ಲ. ಆದರೆ ಕೆಲವರಿಗೆ ಔಷಧಿಗಿಂತ ಅದನ್ನು ಕೊಡುವ ಕೈ ಮುಖ್ಯ ಎಂಬುದನ್ನು ನಲವತ್ತು ವರ್ಷ ಕಣ್ಣಾರೆ ಕಂಡಿದ್ದರು. ಮನೆಯ ಮುಂಗೋಣೆಯೇ ಕ್ಲಿನಿಕ್ಕು. ಹೊರಗಿನ ಬೆಂಚು ಖಾಲಿ. ಈಕೆಯೂ ಮುನಿಸಿಕೊಂಡು ಬರುವುದು ಬಿಟ್ಟರೆ ತಾನು ಯಾರಿಗೆ ಡಾಕ್ಟರು?

ನಾಡಿ ನೋಡುವ ನೆಪದಲ್ಲಿ ಆಕೆಯ ಮಣಿಕಟ್ಟು ಹಿಡಿದರು.

"ಮನೇಲಿ ಯಾರ್ಯಾರು ಇದೀರಮ್ಮ?"

"ಯಜಮಾನ್ರು, ಮಗ."

"ಮತ್ತೆ ನಿದ್ದೆ ಯಾಕೆ ಬರಲ್ಲ?"

"ಯಜಮಾನ್ರು ಮನೇಲಿ ನನ್ನ ಮಾತಾಡಿಸಿ ಎರಡು ವರ್ಷ ಆಯ್ತು. ಜೊತೇಲೇ ಇದೀವಿ, ಆದ್ರೂ ಒಬ್ಳೇ ಇದ್ದ ಹಾಗಿದೆ."

ಎಂಥ ಕಲ್ಲೆದೆಯ ಗಂಡಸು. ಡಾಕ್ಟರರಿಗೆ ಸಿಟ್ಟು ನೆತ್ತಿಗೇರಿತು. "ಒಂದಿನ ಕರ್ಕೊಂಡು ಬನ್ನಿ. ಮುಖಕ್ಕೆ ಉಗೀತೀನಿ."

ಆಕೆ ನಕ್ಕಳು. "ಬೈಬೇಡಿ. ಪಾಪ, ಒಳ್ಳೆಯವರು."

"ಗುಳಿಗೆಯಿಂದ ಗುಣ ಕಾಣ್ತಿದ್ಯಾ? ನಿಜ ಹೇಳಿ."

"ಇಲ್ಲಿ ಕೂತಿರೋಷ್ಟು ಹೊತ್ತು ಚೆನ್ನಾಗಿರ್ತೀನಿ."

"ಹಾಗಾದ್ರೆ ನಾಳೆ ಬರ್ತೀರಿ ತಾನೆ?"

"ಬರ್ತೀನಿ."

ಹೋದ ಜೀವ ಬಂದಂತಾಯಿತು. ಕೈ ಬಿಡುವುದನ್ನು ಡಾಕ್ಟರರು ಮರೆತೇಬಿಟ್ಟರು. ಹಾಗೇ ಕುರ್ಚಿಗೊರಗಿ ಸಣ್ಣದೊಂದು ಜೊಂಪಿಗೆ ಜಾರಿದರು.

ಆಕೆ ಮೆಲ್ಲನೆ ಕೈ ಬಿಡಿಸಿಕೊಂಡಳು. ಔಷಧಿಯ ಕಪಾಟಿನ ಬಳಿ ಹೋಗಿ, ಚೀಲದಿಂದ ಪೊಟ್ಟಣ ತೆಗೆದು, ಗುಳಿಗೆಗಳನ್ನೆಲ್ಲ ಏಳನೇ ಡಬ್ಬಿಗೇ ಸುರಿದು ಮುಚ್ಚಳ ಹಾಕಿದಳು. ಕಾಂಪೌಂಡರ್ ತನಗೆ ಬಿಗಿಯಾಗುತ್ತಿದ್ದ ಬಿಳಿ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ.

"ಅಪ್ಪ ಇವತ್ತೂ ಗುರುತು ಹಿಡೀಲಿಲ್ವಾ ಅಮ್ಮ?"

"ಇಲ್ಲ ಕಣೋ. ಕೈ ಹಿಡಿದ್ರು."