ತೋಮಣ್ಣನ ಹನ್ನೊಂದನೆಯ ಪ್ರಶ್ನೆ

"ಎದ್ದ ನೋಡಿ ಮತ್ತೆ," ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರು.

ಎದ್ದವನು ಬೀಗ ರಿಪೇರಿಯವನು. ಗುರುವಾರದ ಬೈಬಲ್ ಅಧ್ಯಯನದಲ್ಲಿ ತಲೆಗೆ ಒಂದೇ ಪ್ರಶ್ನೆ, ಅದನ್ನೂ ಎದ್ದು ನಿಂತು ಕೇಳಬೇಕು. ಹತ್ತು ವಾರದಿಂದ ಇವನದು ಒಂದು ದಿನವೂ ತಪ್ಪಿಲ್ಲ. ದೇವರನ್ನು ಕಂಡವರು ಯಾರು? ಒಳ್ಳೆಯವರಿಗೇ ಯಾಕೆ ಕಷ್ಟ? ಉತ್ತರ ಕೊಟ್ಟರೆ ಒಪ್ಪಿದೆ ಎನ್ನುವುದೂ ಇಲ್ಲ, ಇಲ್ಲ ಎನ್ನುವುದೂ ಇಲ್ಲ. ಮರುವಾರ ಮತ್ತೊಂದು ಹಿಡಿದು ಹಾಜರು. ಇಂಥವನಿಗೆ ಏನು ಹೇಳುವುದು? ಶಿಲುಬೆಯ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಹೆಸರನ್ನೇ ಇಟ್ಟು ತೋಮಣ್ಣ ಎನ್ನುತ್ತಿದ್ದರು.

ಅವನು ಜೇಬಿನಿಂದ ಚೀಟಿ ತೆಗೆದು ಓದಿದ. "ಎಷ್ಟು ಪ್ರಾರ್ಥನೆ ಮಾಡಿದ್ರೂ ದೇವರು ಮಾತಾಡದಿದ್ರೆ, ಆತ ಇದ್ದಾನೆ ಅಂತ ಹೇಗೆ ತಿಳ್ಕೊಳ್ಳೋದು?"

ಟೈಲರಮ್ಮನಿಗೆ ತಡೆಯಲಾಗಲಿಲ್ಲ. "ಅಲ್ಲಣ್ಣಾ, ನಿಮ್ಮ ಮನೆಯವರು ಇಪ್ಪತ್ತು ವರ್ಷ ಇದೇ ಮೇಜಿನ ಹಿಂದೆ ನಿಂತು ಎಂತೆಂಥ ನಾಸ್ತಿಕರ ಬಾಯಿ ಮುಚ್ಚಿಸಿದ್ರು! ಬಂಗಾರದಂಥ ಅಕ್ಕ. ಅವರು ಕಣ್ಣು ಮುಚ್ಚೋದ್ರೊಳಗಾದ್ರೂ ನೀವು ದಾರಿಗೆ ಬರ್ಬಾರ್ದಾ?"

"ಅವಳಿಗೋಸ್ಕರಾನೇ ಬರೋದಮ್ಮ," ಎಂದ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಂಡತಿ ಮೂರು ತಿಂಗಳು ದಾಟಿದರೆ ಹೆಚ್ಚು ಎಂದು ಡಾಕ್ಟರು ಹೇಳಿದಂದಿನಿಂದ ಅವನಿಗೆ ಅಳುವೂ ಇಲ್ಲ, ನಗುವೂ ಇಲ್ಲ. ಊಟ ಅಂದರೆ ಊಟ, ಬೀಗ ಅಂದರೆ ಬೀಗ. ಅವಳು ಹೋಗುವುದರೊಳಗೆ ಸರಿಯಾದ ಒಂದು ಉತ್ತರ ಸಿಕ್ಕರೆ ಸಾಕಿತ್ತು.

ಪಾಠ ಹೇಳುವ ಮೇಷ್ಟ್ರು ತರಗತಿಯ ಹಳೆಯ ನೋಟ್‌ಬುಕ್ ತೆರೆದರು. ವಾರವಾರವೂ ಉತ್ತರ ಓದುತ್ತಿದ್ದುದು ಅದರಿಂದಲೇ. ಇವನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದ. ಇವತ್ತು ಮೇಷ್ಟ್ರು ಹಾಳೆ ತಿರುವಿದರು, ತಿರುವಿದರು, ಕೊನೆಗೆ ಮುಚ್ಚಿಟ್ಟರು.

"ಗೊತ್ತಿಲ್ಲಪ್ಪ. ನನ್ನ ಮಗ ಹೋದಾಗ ನಾನೂ ಇದನ್ನೇ ಕೇಳ್ದೆ. ಉತ್ತರ ಬರ್ಲಿಲ್ಲ. ಈಗ್ಲೂ ದಿನಾ ಕೇಳ್ತೀನಿ. ಆ ಕಡೆ ಯಾರೂ ಇಲ್ಲ ಅನ್ನಿಸಿದ್ರೆ ಕೇಳೋದನ್ನ ಯಾವತ್ತೋ ಬಿಡ್ತಿದ್ದೆ, ಅಲ್ವಾ?"

ಅವನು ಅದನ್ನೂ ಬರೆದುಕೊಂಡ.

ಮನೆಯಲ್ಲಿ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪ್ರತಿ ಗುರುವಾರ ಅವನು ಓದಿ ಹೇಳುವನು, ಅವಳು "ಹೂಂ" ಎನ್ನುವಳು, ಅಲ್ಲಿಗೆ ಮುಗಿಯಿತು. ಇವತ್ತು ಓದಿ ಮುಗಿಸುವಷ್ಟರಲ್ಲಿ ಕಷ್ಟಪಟ್ಟು ಈ ಕಡೆ ತಿರುಗಿದಳು.

"ಇನ್ನೊಂದ್ಸಲ ಓದಿ."

ಓದಿದ. ಎಷ್ಟೋ ದಿನದ ಮೇಲೆ ಕಣ್ಣೊರೆಸಿಕೊಂಡ.

"ಮೇಷ್ಟ್ರನ್ನ ಕರ್ಕೊಂಡು ಬನ್ನಿ," ಎಂದಳು. "ನಿಮಗೆ ಹುಟ್ಟಿದಾಗಿಂದ ಒಂದು ದಿನಾನೂ ಅನುಮಾನ ಬಂದಿಲ್ಲ ಅಂತ ನಾನೇ ಅವರಿಗೆ ಹೇಳ್ಬೇಕು. ಚೀಟೀಲಿದ್ದ ಪ್ರಶ್ನೆಯೆಲ್ಲ ನಂದು. ಆ ನೋಟ್‌ಬುಕ್ಕಿನ ಉತ್ತರಾನೂ ನಾನೇ ಬರೆದದ್ದು. ಒಂದೂ ನನಗೇ ಸಾಕಾಗ್ಲಿಲ್ಲ."