ಒಂದು ತೊಟ್ಟೂ ಇಲ್ಲದ ರೈಲು

"ಅಜ್ಜೀ, ಆ ಫ್ಲಾಸ್ಕ್ ಸ್ವಲ್ಪ ಈಚೆ ಕೊಡಿ."

ಎಫಿ ಗೌರ್ಲೆ ಚೀಲದ ಬಾಯನ್ನು ಬಿಗಿಯಾಗಿ ಹಿಡಿದಳು. ಯಾವುದನ್ನು ಹೆದರಿ ಚೀಲದ ತಳದಲ್ಲಿ ಹೆಣಿಗೆಯ ಉಣ್ಣೆ ಹೊದಿಸಿ ಇಟ್ಟಿದ್ದಳೋ ಅದಕ್ಕೇ ಸಾರ್ಜೆಂಟ್ ಮನ್ರೋ ಕೈ ಹಾಕಿದ್ದ.

ಅಬರ್ಡೀನಿನಿಂದ ಎಡಿನ್‌ಬರೋಗೆ, ಫುಟ್‌ಬಾಲ್ ಸೆಮಿಫೈನಲ್ ನೋಡುವವರಿಗೆಂದೇ ಬಿಟ್ಟ ರೈಲು. ಹೋದ ಸಲ ಇದೇ ಜನ ಕುಡಿದು ಗಾಜು ಒಡೆದು, ಸೀಟು ಹರಿದು, ರಾದ್ಧಾಂತ ಮಾಡಿ ಬಂದಿದ್ದರು. ಈ ಸಲ ಒಂದು ತೊಟ್ಟು ಮದ್ಯವೂ ರೈಲು ಹತ್ತುವ ಹಾಗಿಲ್ಲ. ಪ್ಲಾಟ್‌ಫಾರ್ಮಿನ ಬಾಗಿಲಲ್ಲೇ ಪೊಲೀಸರು ಮೇಜು ಹಾಕಿಕೊಂಡು ಕೂತಿದ್ದರು. ವೋಡ್ಕಾ ಚುಚ್ಚಿ ತಂದಿದ್ದ ಕಿತ್ತಳೆಹಣ್ಣನ್ನೂ ಮೂಸಿ ಮೂಸಿ ಹಿಡಿದಿದ್ದರೆಂದರೆ ನೋಡಿ!

"ಅಜ್ಜೀನೂ ಬಿಡಲ್ವೇನ್ರೀ ಸಾರ್ಜೆಂಟ್?" ಸಾಲಿನಲ್ಲಿದ್ದ ಕೆಂಪು ಮಫ್ಲರಿನ ದಡಿಯ ಕೂಗಿದ. "ಟೀ ಕುಡಿದು ಅಮಲೇರಿ ಗೋಲ್ ಕಂಬ ಕಿತ್ಕೊಂಡ್ ಬರ್ತಾಳೆ ಅಂತಾನಾ?"

ಸಾಲಿಗೆ ಸಾಲೇ ನಕ್ಕಿತು. ಸಾರ್ಜೆಂಟ್ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದ. ಅವನು ನಗಲಿಲ್ಲ. ಎಫಿಯ ತೋಳು ಹಿಡಿದು ಕಂಬದ ಮರೆಗೆ ಕರೆದುಕೊಂಡು ಹೋದ.

"ಟೀ ಅಲ್ವಲ್ಲಮ್ಮಾ ಇದು?"

"ಅಲ್ಲಪ್ಪಾ. ವಿಸ್ಕಿ." ಎಫಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. "ನನಗಲ್ಲ, ನನ್ನ ಮಗ ಲಾರ್ನ್‌ಗೆ. ಆಗಲೇ ಒಳಗಿದಾನೆ. ಕೊಟ್ಟು ಬಂದ್ಬಿಡ್ತೀನಿ."

"ಎಡಿನ್‌ಬರೋ ತನಕ ತಡ್ಕೊಳ್ಳೋಕೆ ಹೇಳಿ. ಇವರೆಲ್ಲಾ ತಡ್ಕೊಂಡಿಲ್ವಾ?"

"ಇವರಿಗಿರೋದು ಚಟ. ಅವನಿಗಿರೋದು ರೋಗ ಕಣಪ್ಪಾ."

ರೋಗವೇ. ಹೆಂಡತಿ ಬಿಟ್ಟುಹೋದ ಮೇಲೆ ಹಿಡಿದ ಬಾಟಲಿ, ಈಗ ಅವನನ್ನೇ ಹಿಡಿದುಕೊಂಡಿತ್ತು. ಚಳಿಗಾಲದಲ್ಲಿ ಒಮ್ಮೆ 'ಇವತ್ತಿಂದ ಮುಟ್ಟಲ್ಲ' ಎಂದು ಆಣೆ ಮಾಡಿದ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ದೊಪ್ಪನೆ ಬಿದ್ದ. ಹಲ್ಲು ಕಚ್ಚಿಕೊಂಡಿತು, ಕಣ್ಣು ಮೇಲಾಯಿತು, ಮೈಯೆಲ್ಲ ಸೆಟೆದು ಅದುರಿತು. ಹೀಗೆ ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯ, ಆಸ್ಪತ್ರೆಗೆ ಸೇರಿ ನಿಧಾನವಾಗಿ ಬಿಡಬೇಕು ಎಂದರು ಡಾಕ್ಟರು. ಸೇರಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಅವನು ಒಪ್ಪಲಿಲ್ಲ. ನಿನ್ನೆ ಮತ್ತೆ ಅದೇ ಆಣೆ. ಬೆಳಿಗ್ಗೆ ಎದ್ದು ನೋಡಿದರೆ ಬಾಟಲಿ ಅಲ್ಲಾಡಿಲ್ಲ, ಮಗ ಹೊರಟುಹೋಗಿದ್ದಾನೆ. ಎಫಿ ಫ್ಲಾಸ್ಕಿಗೆ ಬಗ್ಗಿಸಿಕೊಂಡು ಸ್ಟೇಷನ್ನಿಗೆ ಓಡಿಬಂದಳು.

"ಫಿಟ್ಸ್ ಬರುತ್ತಾ?" ಸಾರ್ಜೆಂಟಿನ ದನಿ ತಗ್ಗಿತು.

"ಬರುತ್ತಪ್ಪಾ. ದಾರೀಲಿ ಎರಡೆರಡು ದೊಡ್ಡ ಸೇತುವೆ ಇದಾವೆ. ಆ ನೀರಿನ ಮೇಲೆ ಹೋಗೋವಾಗ ಬಂದ್ಬಿಟ್ರೆ? ಎರಡು ಗುಟುಕು ಹೋದ್ರೆ ಸಾಕು, ಕೈ ನಡುಕ ನಿಲ್ಲುತ್ತೆ."

"ಇಳಿಸಿ ಮನೆಗೆ ಕರ್ಕೊಂಡು ಹೋಗಬಾರ್ದಾ? ಒಂದು ಪಂದ್ಯ ತಪ್ಪಿದ್ರೆ ಪ್ರಪಂಚ ಮುಳುಗಲ್ಲ."

"ಪಂದ್ಯದ ಹುಚ್ಚೇನಿಲ್ಲ ಅವನಿಗೆ. ಇಷ್ಟು ಜನ ಅವನನ್ನೇ ನಂಬ್ಕೊಂಡು ಬಂದಿದಾರೆ. ಈಗ ಬರಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಎಲ್ಲಾ ರಟ್ಟಾಗುತ್ತೆ."

ಎಲ್ಲವನ್ನೂ ಹೇಳಿಬಿಡಲೇ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಗನ ಬಾಳು ಮಣ್ಣುಪಾಲು. ಹೇಳದಿದ್ದರೆ... ಮುಂದಿನದನ್ನು ನೆನೆಯಲು ಅವಳಿಗೆ ಭಯವಾಯಿತು. ಹಾಳಾದ ಹೆತ್ತ ಕರುಳು! ಎಫಿ ಬಾಯಿ ಮುಚ್ಚಿಕೊಂಡಳು.

ಸಾರ್ಜೆಂಟ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದ. "ನಮ್ಮಣ್ಣಂದೂ ಇದೇ ಕತೆ," ಎಂದ. "ಒಂದಿನ ನಾನೇ ಬಾಟಲಿ ಕಿತ್ತು ಸಿಂಕಿಗೆ ಸುರಿದೆ. ದೊಡ್ಡ ಉಪಕಾರ ಮಾಡಿದೆ ಅಂದ್ಕೊಂಡಿದ್ದೆ. ಮೂರನೇ ದಿನ ಹೋಗ್ಬಿಟ್ಟ."

ಎಫಿ ಅವನ ತೋಳು ಸವರಿದಳು.

"ಕುಡಿದು ಗಲಾಟೆ ಮಾಡ್ತಾನಾ?"

"ಅಯ್ಯೋ, ಬಾಯಿಬಿಟ್ಟು ಒಂದು ಮಾತಾಡಲ್ಲ. ಎಡಿನ್‌ಬರೋ ಬರೋ ತನಕ ಸೀಟು ಬಿಟ್ಟು ಏಳಲ್ಲ."

"ಕೂತ ಕಡೆ ಕೂತಿರೋನಿಂದ ಯಾರಿಗೇನು ತೊಂದರೆ, ಬಿಡಿ," ಎಂದು ಸಾರ್ಜೆಂಟ್ ಫ್ಲಾಸ್ಕನ್ನು ಅವಳ ಚೀಲಕ್ಕೆ ಹಾಕಿದ. "ಎರಡೇ ಗುಟುಕು. ಉಳಿದಿದ್ದು ತಂದು ನನ್ನ ಕೈಗೆ ಕೊಡ್ಬೇಕು. ಯಾವ ಬೋಗಿ?"

"ಮುಂದೆ. ಎಲ್ಲಕ್ಕಿಂತ ಮುಂದೆ."

"ಬೇಗ ಹೋಗಿ. ಹೊರಡೋ ಹೊತ್ತಾಯ್ತು."

ಅವನು ಬಿಟ್ಟರೆ ತಾನೇ ಹೊರಡುವುದು ಎಂದುಕೊಂಡು ಎಫಿ ಸರಸರ ನಡೆದಳು. ಒಳಗೆ ಗಂಟಲು ಒಣಗಿದ ಜನ ನೀರಿನ ಬಾಟಲಿ ಹಿಡಿದು ಹಾಡುತ್ತಿದ್ದರು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ಒಬ್ಬ ಪುಟ್ಟ ಹುಡುಗಿ ಗಾಜಿಗೆ ಮೂಗೊತ್ತಿ ಅವಳಿಗೆ ಕೈಬೀಸಿದಳು. ಎಫಿ ತಲೆ ತಗ್ಗಿಸಿದಳು.

"ಹೆದರ್ಬೇಡಿ ಅಜ್ಜೀ, ಗೆದ್ದೇ ಬರ್ತೀವಿ!" ಯಾರೋ ಕಿಟಕಿಯಿಂದ ಕೂಗಿದರು.

ಮೊದಲ ಬೋಗಿಯ ಕೊನೆಯ ಬಾಗಿಲನ್ನೂ ದಾಟಿ, ಹಾಡು ಕೇಳಿಸದ ರೈಲಿನ ಮೂತಿಯ ಹತ್ತಿರ ಹೋಗಿ, ಅಲ್ಲಿದ್ದ ಸಣ್ಣ ಕಿಟಕಿಯನ್ನು ತಟ್ಟಿದಳು. ಕಿಟಕಿ ತೆರೆಯಿತು. ಬೆವೆತು ಬಿಳಿಚಿಕೊಂಡಿದ್ದ ಮಗ ಕೈ ಚಾಚಿದ.

ಎರಡು ಗುಟುಕು ಕುಡಿದು, ಕೈ ನಡುಕ ನಿಂತಿತೇ ಎಂದು ಬೆರಳು ಬಿಡಿಸಿ ನೋಡಿಕೊಂಡು, ಮುಂದೆ ಹಸಿರು ದೀಪ ಹತ್ತಿದೊಡನೆ ಲಾರ್ನ್ ಆರುನೂರು ಜನ ತುಂಬಿದ್ದ ಆ ರೈಲನ್ನು ಹೊರಡಿಸಿದ.