ಮೂವತ್ತನಾಲ್ಕು ಮುಖಗಳು

ಫೋಲ್ಡರ್ ಮತ್ತೆ ಖಾಲಿಯಾಗಿತ್ತು. ಸೋಮವಾರ ಹೀಗೇ ಆಗಿತ್ತು, ಈಗ ಬುಧವಾರವೂ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಸುಲೋಚನಾ ಕಂಪ್ಯೂಟರಿನ ಮುಂದೆ ಕುಳಿತಾಗ ಅಲ್ಲಿ ಒಂದೇ ಒಂದು ಕಡತವೂ ಇರಲಿಲ್ಲ. ಡ್ರೈವಿನ ಕಸದ ಬುಟ್ಟಿಯಲ್ಲಿ ಹುಡುಕಿದಳು. ಅದನ್ನೂ ಯಾರೋ ಬಳಿದು ಚೊಕ್ಕ ಮಾಡಿಟ್ಟಿದ್ದರು.

ತುರ್ಭೆಯ ಆ ಆಫೀಸೆಂದರೆ ಒಂದು ಕೋಣೆ, ಎರಡು ಕಂಪ್ಯೂಟರು, ಇಬ್ಬರು ಹೆಂಗಸರು. ಗೋದಾಮುಗಳಿಗೆ ಹಮಾಲರನ್ನು ಒದಗಿಸುವ ಭುಜಂಗ ಶೆಟ್ಟರು ಅದರ ಮಾಲೀಕರು. ಹೊಸದಾಗಿ ಸಿಕ್ಕ ಗೋದಾಮಿನವರು ಕಾಗದ ಮುಟ್ಟುವವರ ಪೈಕಿಯಲ್ಲ. ಗೇಟ್ ಪಾಸಿಗಾಗಿ ಮೂವತ್ತನಾಲ್ಕು ಹಮಾಲರಿಗೂ ಒಂದೊಂದು ಕಡತ ಬೇಕು. ತೆರೆದೊಡನೆ ದೊಡ್ಡದಾಗಿ ಮುಖದ ಫೋಟೊ, ಕೆಳಗೆ ಅರ್ಜಿ. ಎಲ್ಲವನ್ನೂ ಡ್ರೈವಿಗೆ ಏರಿಸಿ ಲಿಂಕ್ ಕಳಿಸಿದರೆ ಅವರ ಸಾಹೇಬರು ಮಧ್ಯಾಹ್ನ ಸರಿಯಾಗಿ ಮೂರಕ್ಕೆ ತೆರೆಯುತ್ತಾರೆ. ಸೋಮವಾರ ತೆರೆದು ಖಾಲಿ ಕಂಡಿದ್ದರು. ಬುಧವಾರವೂ ಖಾಲಿಯನ್ನೇ ಕಂಡರು.

"ಶುಕ್ರವಾರ ಕಡೇ ಚಾನ್ಸ್ ಅಂತೆ," ಎಂದರು ಶೆಟ್ಟರು. "ಆವತ್ತೂ ಖಾಲಿ ಇದ್ರೆ ಸೋಮವಾರ ಮೂವತ್ತನಾಲ್ಕು ಜನ ಮನೆಗೆ. ಮತ್ತೆ ನೀನೂ ಬರುವುದು ಬೇಡ ಮಾರಾಯ್ತಿ."

ಯಾರು ಅಳಿಸಿದರೆಂದು ಡ್ರೈವೇ ಬರೆದಿಡುತ್ತದೆ. ಸುಲೋಚನಾ ಅದರ ತ್ರಿಕೋನದ ಗುರುತು ಒತ್ತಿ ತೆರೆದು ನೋಡಿದಳು. 'ನೀವು ಅಳಿಸಿದ್ದೀರಿ, 2.40' ಎಂದಿತ್ತು. ಅವಳಿಗೆ ಸಿಟ್ಟಿನಲ್ಲೂ ನಗು ಬಂತು. ಆಫೀಸಿಗೆಂದು ಬೇರೆ ಖಾತೆ ಮಾಡಿಸಲು ಶೆಟ್ಟರಿಗೆ ಪುರುಸೊತ್ತೇ ಆಗಿರಲಿಲ್ಲ. ಎಲ್ಲವೂ ಅವಳು ಫೋನಿನಲ್ಲಿ ಬಳಸುವ ಸ್ವಂತ ಖಾತೆಯಲ್ಲೇ ನಡೆಯುತ್ತಿತ್ತು. ಆದರೆ 2.40ಕ್ಕೆ ಅವಳು ಊಟಕ್ಕೆ ಹೋಗಿದ್ದಳು. ತೆರೆದಿಟ್ಟ ಕಂಪ್ಯೂಟರಿನ ಪಕ್ಕದಲ್ಲಿದ್ದವಳು ಪ್ರೇಕ್ಷಾ ಒಬ್ಬಳೇ.

ಪ್ರೇಕ್ಷಾ ಕೆಲಸಕ್ಕೆ ಸೇರಿ ಮೂರು ತಿಂಗಳು. ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವಳು.

"ಮೈನೇ ಛುವಾ ಭೀ ನಹೀ, ದೀದಿ," ಎಂದಳು. ಮುಟ್ಟೇ ಇಲ್ಲವೆಂದು ಎರಡೂ ಕೈ ಎತ್ತಿ ತೋರಿಸಿದಳು. ಕಣ್ಣಲ್ಲಿ ನೀರು.

ತಪ್ಪು ಮಾಡಿದವರಿಗೇ ಕಣ್ಣೀರು ಇಷ್ಟು ಬೇಗ ಬರುವುದು ಎಂದುಕೊಂಡಳು ಸುಲೋಚನಾ. ಆಫೀಸಿಗೆ ಒಬ್ಬಳೇ ಸಾಕು ಎಂದು ಶೆಟ್ಟರು ಹೋದ ತಿಂಗಳು ಅಂದದ್ದು ಇಬ್ಬರ ಕಿವಿಗೂ ಬಿದ್ದಿತ್ತು. ಇನ್ನೇನು ಬೇಕು?

ಗುರುವಾರವಿಡೀ ಹಮಾಲರ ಬೆನ್ನು ಹತ್ತಿ, ಮತ್ತೊಮ್ಮೆ ಫೋಟೊ ತೆಗೆದು ಈ ಸಲ ತನ್ನ ಫೋನಿನಲ್ಲೂ ಉಳಿಸಿಕೊಂಡು, ಮತ್ತೊಮ್ಮೆ ಅರ್ಜಿ ತುಂಬಿಸಿದಳು. ಠಾಕುರ್ಲಿಯ ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಗಂಡ ಶಿವರಾಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಿಂದ ನಾಲ್ಕಕ್ಕೆಲ್ಲ ಮನೆಗೆ ಬರುವವನು, ಮೂಗಿನ ತುದಿಯಲ್ಲೇ ಕೋಪ. ಹೇಳಿದರೆ ಮೊದಲು ರೇಗಾಡುತ್ತಾನೆ, ಆಮೇಲೆ ಕೆಲಸವನ್ನೇ ಬಿಡು ಎನ್ನುತ್ತಾನೆ.

ಶುಕ್ರವಾರ ಬೆಳಿಗ್ಗೆ ಮೂವತ್ತನಾಲ್ಕೂ ಏರಿದವು. ಸುಲೋಚನಾ ಶೆಟ್ಟರ ಬಳಿ ಹೋಗಿ ತನಗೆ ಅನಿಸಿದ್ದನ್ನು ಹೇಳಿಬಿಟ್ಟಳು. ಒಂದು ಗಂಟೆಗೆ ಶೆಟ್ಟರು ಪ್ರೇಕ್ಷಾಳನ್ನು ಕರೆದು, ನಾಳೆಯಿಂದ ಬೇಡ ಎಂದರು.  ಅವಳು ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ಒಂದೂವರೆಗೆ ಅತ್ತೆ ಚಂದವ್ವನ ಫೋನು ಬಂತು.

"ಸುಲೂ, ಉಂಡೇನವ್ವ?"

"ಇನ್ನಾ ಇಲ್ಲ, ಅತ್ತಿ. ಇವತ್ತ ಭಾಳ ಕೆಲಸ."

"ಮನಸಿನ್ಯಾಗ ಏನರೆ ಇದ್ರ ನನ್ನ ಮುಂದ ಹೇಳು. ಅಂಜಬ್ಯಾಡ, ನಾ ಅದೀನಿ."

 ಹಗಲೆಲ್ಲ ಒಬ್ಬಳೇ ಕೂತು, ಸೊಸೆ ಕೊಟ್ಟ ಹಳೆಯ ಫೋನಿನಲ್ಲಿ ಭಜನೆ ಕೇಳುವ ಮುದುಕಿ. ಹೆತ್ತವಳಂತೆ ಮುಖ ನೋಡಿಯೇ ಕಷ್ಟ ತಿಳಿದುಕೊಂಡಿದ್ದಾಳಲ್ಲ ಎಂದು ಸುಲೋಚನಾಳ ಮನಸ್ಸು ತುಂಬಿ ಬಂತು.

ಅವಳು ಊಟಕ್ಕೆ ಏಳಲಿಲ್ಲ. ಕಣ್ಣು ಮಿಟುಕಿಸದೆ ಫೋಲ್ಡರನ್ನೇ ಕಾಯುತ್ತ ಕುಳಿತಳು. ಎರಡಾಯಿತು, ಎರಡೂವರೆಯಾಯಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಮೊದಲ ಸಾಲಿನಿಂದ ಒಂದು ಮುಖ ಮಾಯವಾಯಿತು. ಅದರ ಹಿಂದೆ ಇನ್ನೊಂದು.

ಮೂವತ್ತೊಂದು. ಇಪ್ಪತ್ತೆಂಟು. ಸುಲೋಚನಾ ಕೈಗೆ ಸಿಕ್ಕ ಕೀಲಿಯನ್ನೆಲ್ಲ ಒತ್ತಿದಳು. ಇಂಟರ್ನೆಟ್ಟಿನ ತಂತಿಯನ್ನೇ ಕಿತ್ತಳು. ಮತ್ತೆ ಸಿಕ್ಕಿಸಿದಾಗ ಒಂಬತ್ತು ಉಳಿದಿದ್ದವು. ಪಾಸ್‌ವರ್ಡ್ ಕದ್ದುಕೊಂಡು ಹೋಗಿ ಪ್ರೇಕ್ಷಾ ಲೋಕಲ್ ರೈಲಿನಲ್ಲಿ ಕೂತು ಅಳಿಸುತ್ತಿದ್ದಾಳೆ, ಹಾಳಾದವಳು! ಪಾಸ್‌ವರ್ಡ್ ಬದಲಿಸಿ ಮುಗಿಸುವಷ್ಟರಲ್ಲಿ ಫೋಲ್ಡರ್ ಬಣಗುಡುತ್ತಿತ್ತು, ಕಸದ ಬುಟ್ಟಿಯೂ ಖಾಲಿ. ತನ್ನ ಫೋನಿನಲ್ಲಿದ್ದ ಫೋಟೊಗಳನ್ನು ಒಂದೊಂದಾಗಿ ಮತ್ತೆ ಜೋಡಿಸತೊಡಗಿದಳು. ಅವಸರದಲ್ಲಿ ಹೆಸರುಗಳೆಲ್ಲ ತಪ್ಪಿದವು. ಮೂರು ಹೊಡೆದಾಗ ಆರು ಜನ ಮಾತ್ರ ಏರಿದ್ದರು.

ಒಳಗೆ ಶೆಟ್ಟರು ಫೋನಿನಲ್ಲಿ "ಜೀ ಸಾಬ್, ಜೀ ಸಾಬ್" ಎನ್ನುತ್ತಿದ್ದುದು ಕೇಳಿಸಿತು. ಬಾಗಿಲಲ್ಲಿ ಹಮಾಲ ಭೀಮು ಇಣುಕಿದ.

"ಅಕ್ಕಾರ, ಪಾಸ್ ಬಂದ್ವೇನ್ರಿ?"

ಅವಳು ಅವನ ಮುಖವನ್ನೂ ನೋಡಲಾರದೆ ಚೀಲ ಎತ್ತಿಕೊಂಡಳು.

ಮನೆ ಸೇರಿದಾಗ ಆರು ಗಂಟೆ. ಶಿವರಾಯ ಹಾಲು ತರಲು ಹೋಗಿದ್ದ. ಚಂದವ್ವ ಸೊಸೆಯ ಮುಂದೆ ಚಹಾ ಇಟ್ಟು, ಬಾಗಿಲಿಗೆ ಚಿಲಕ ಹಾಕಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಇವಳಿಗಾದರೂ ಹೇಳಿ ಅತ್ತುಬಿಡೋಣವೆಂದು ಸುಲೋಚನಾ ಬಾಯಿ ತೆರೆದಳು. ಚಂದವ್ವ ಮಾತಾಡಲು ಬಿಡಲಿಲ್ಲ.

"ಏನೂ ಹೇಳಬ್ಯಾಡ, ನನಗ ಎಲ್ಲಾ ಗೊತ್ತದ. ನೀ ಕೊಟ್ಟ ಹಳೇ ಫೋನಿನ್ಯಾಗ ಆ ಮೂರು ಮೂಲಿ ಗುರ್ತು ಒತ್ತಿದ್ರ ಬರೇ ಪರಗಂಡಸ್ರ ಮಾರಿ. ಶಿವರಾಯನ ಕಣ್ಣಿಗೆ ಬಿದ್ರ ನಿನ್ನ ಬಾಳೇ ಹಾಳಾಗ್ತದಂತ ಅಂಜಿ, ಈ ವಾರದಾಗ ಮೂರು ಸಲ ಒಂದೂ ಬಿಡದಂಗ, ಕಸದ ಬುಟ್ಟ್ಯಾಗಿಂದೂ ಸೈತ, ಅಳಿಸೀನಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಇನ್ನರೆ ಸಾಕು ಮಾಡವ್ವ."